ಗಿರಾಕಿಗೆ ಇಲ್ಲ ಅನ್ನಬಾರದು

ನನ್ನ ಸೊಸೆ ದಾವಣಗೆರೆಯ ವಿದ್ಯಾನಗರದ ಒಂದು ಕಾಲೇಜಿನಲ್ಲಿ ಬಿ.ಕಾಂ. ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಾಳೆ. ಕೆಲವು ವರ್ಷದ ಹಿಂದೆ ಅವಳಿಗೆ ಹೊಸದೊಂದು ವಿಷಯ ಕೊಟ್ಟರು: ಗ್ರಾಹಕ ಸೇವೆ ಮತ್ತು ಗ್ರಾಹಕ ಸಂಬಂಧ ನಿರ್ವಹಣೆ. ಇದನ್ನು ಬರೀ ಓದಿ ಬರೆದರೆ ಸಾಲದು, ಮಾಡಿ ತೋರಿಸಬೇಕು. ಒಬ್ಬರು ಕೌಂಟರಿನ ಹಿಂದೆ, ಇನ್ನೊಬ್ಬರು ಗ್ರಾಹಕರಾಗಿ ಮುಂದೆ. ತರಗತಿಯಲ್ಲಿ ಇದು ನಗೆಯಾಟವಾಗಿಬಿಟ್ಟಿತ್ತು. ಹಾಸ್ಟೆಲಿನಲ್ಲಿ ಪಕ್ಕದ ಮಂಚದಲ್ಲಿ ಮಲಗುವವನೇ ಗ್ರಾಹಕನಾಗಿ ಬಂದರೆ ಯಾರಿಗೆ ತಾನೇ ಗಂಭೀರವಾಗಿ ಮಾತಾಡಲು ಬರುತ್ತದೆ?

ಒಂದು ಮಧ್ಯಾಹ್ನ ಊಟಕ್ಕೆ ಬಡಿಸುತ್ತಾ ಸೊಸೆ ಕೇಳಿದಳು. "ಮಾವ, ಶನಿವಾರ ನಮ್ಮ ಕ್ಲಾಸಿಗೆ ಬರ್ತೀರಾ? ಗಿರಾಕಿ ಆಗಿ ಬಂದು ಒಂದಿಷ್ಟು ಜಗಳ ಮಾಡಿದ್ರೆ ಸಾಕು."

ಜಗಳ ಮಾಡುವ ಗಿರಾಕಿಗಳನ್ನು ಬೇಕಾದಷ್ಟು ನೋಡಿದ್ದೇನೆ, ಮಾಡುವುದು ಮಾತ್ರ ನನಗೆ ಗೊತ್ತಿಲ್ಲ ಎಂದೆ.

"ಅಂಗಡ್ಯಾಗ ಮಾಡಿಲ್ಲ ಖರೆ, ಮನ್ಯಾಗ ಚಲೋ ಮಾಡ್ತೀರಿ. ಹೋಗಿ ಬರ್ರಿ," ಎಂದಳು ನನ್ನ ಹೆಂಡತಿ ಅಡುಗೆಮನೆಯಿಂದ. ಅವಳಿಗೆ ಬಲಗಿವಿ ಹೋಗಿ ಬಹಳ ವರ್ಷವಾಗಿದೆ. ಎಡಗಿವಿಗೆ ಮಷಿನ್ ಹಾಕಿಕೊಳ್ಳುತ್ತಾಳೆ. ಆಗ ಆ ಮಷಿನ್ ಸರಿಯಾಗಿತ್ತು, ಅಡುಗೆಮನೆಯಲ್ಲಿದ್ದೂ ನಮ್ಮ ಮಾತಿಗೆ ಮಾತು ಸೇರಿಸುತ್ತಿದ್ದಳು.

ನಾನು ಜವಳಿ ಅಂಗಡಿಯವನು. ಈಗ ಮಗ ನೋಡಿಕೊಳ್ಳುತ್ತಾನೆ. ಚಿಕ್ಕಂದಿನಲ್ಲಿ ಮಠದ ಹಾಸ್ಟೆಲಿನಲ್ಲಿ ಬೆಳೆದೆ. ಗಂಟೆಗೆ ಏಳುವುದು, ಗಂಟೆಗೆ ಸ್ನಾನ, ಗಂಟೆಗೆ ಪ್ರಸಾದ. ತಡವಾಗಿ ಬಂದವನಿಗೆ ಬಾಗಿಲು ಹಾಕಿರುತ್ತಿತ್ತು. ಆ ಅಭ್ಯಾಸ ಅಂಗಡಿಗೂ ಬಂತು, ವಯಸ್ಸಾದ ಮೇಲೂ ಬಿಡಲಿಲ್ಲ. ಹೀಗಾಗಿ ನಿಟ್ಟುವಳ್ಳಿಯ ಮನೆಯಿಂದ ಶನಿವಾರ ಸೊಸೆಯ ಸ್ಕೂಟರಿನ ಹಿಂದೆ ಕೂತು ಹೊರಟಾಗ, ಹೇಳಿದ ಹೊತ್ತಿಗಿಂತ ಮೊದಲೇ ಕಾಲೇಜಿನಲ್ಲಿದ್ದೆವು. ತರಗತಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ನಾನೇ ಬೆಂಚುಗಳನ್ನು ಸಾಲಾಗಿ ಸರಿಸಿ, ಮೇಜನ್ನು ಅಡ್ಡ ಹಾಕಿ ಕೌಂಟರ್ ಮಾಡಿದೆ.

ಮೊದಲ ಪಾಠಕ್ಕೆ ಮನೆಯಿಂದ ಹಳೆಯ ಸೀರೆಯೊಂದನ್ನು ಒಯ್ದಿದ್ದೆ. ಬಣ್ಣ ಬಿಟ್ಟಿದೆ, ವಾಪಸು ತಗೊಳ್ಳಿ ಎಂದು ಗದರಬೇಕು. ಕೌಂಟರಿನ ಹಿಂದೆ ನಿಂತ ಹುಡುಗ ಸೀರೆಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, "ಎಷ್ಟು ಸಲ ಉಟ್ಕೊಂಡ್ರಿ ಸಾರ್?" ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ನನಗೂ ನಗು ಬಂತು, ತೋರಿಸಲಿಲ್ಲ. ಗಿರಾಕಿಯ ಮಾಲನ್ನು ಎರಡು ಬೆರಳಲ್ಲಿ ಹಿಡಿಯಬಾರದು, ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು ಎಂದೆ. ಕೆಟ್ಟ ಮಾಲಾದರೂ ಅದನ್ನು ಅವರು ಮನೆಯಿಂದ ಹೊತ್ತು ತಂದಿರುತ್ತಾರೆ.

ಹೀಗೆ ಶುರುವಾದದ್ದು ವರ್ಷವಿಡೀ ನಡೆಯಿತು. ಪುಸ್ತಕದಲ್ಲಿ ಏನಿದೆಯೋ ಅದನ್ನು ಸೊಸೆ ಹೇಳುತ್ತಿದ್ದಳು: ನಮಸ್ಕರಿಸಿ, ಪೂರ್ತಿ ಕೇಳಿ, ಅವರ ಮಾತನ್ನು ಅವರಿಗೇ ತಿರುಗಿ ಹೇಳಿ, ವಿಷಾದ ವ್ಯಕ್ತಪಡಿಸಿ, ಪರಿಹಾರದ ಭರವಸೆ ಕೊಡಿ. ಯಾರ ಹುಟ್ಟಿದ ದಿನ ಯಾವಾಗ, ಯಾರು ಕಳೆದ ಸಲ ಏನು ಕೊಂಡರು, ಎಲ್ಲವನ್ನೂ ಕಂಪ್ಯೂಟರ್ ನೆನಪಿಡುತ್ತದಂತೆ. ಅದಕ್ಕೆ ನಾನು ನಮ್ಮ ಬಜಾರಿನ ಮಾತು ಸೇರಿಸುತ್ತಿದ್ದೆ. ಬಂದವರಿಗೆ ಮೊದಲು ಕೂಡ್ರಿ ಅನ್ನಬೇಕು, ಆಮೇಲೆ ನೀರು, ಆಮೇಲೆ ವ್ಯಾಪಾರ. ಮಾತಾಡುವಾಗ ಮುಖ ನೋಡಬೇಕು, ಮೊಬೈಲ್ ನೋಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಗಿರಾಕಿಗೆ ಇಲ್ಲ ಅನ್ನಬಾರದು.

ಇದು ನಮ್ಮ ಮನೆತನದ ನಡೆ. ಅಂಗಡಿಯ ಗಾದಿಯ ಮೇಲೆ ಕೂತವನ ಬಾಯಿಂದ ಇಲ್ಲ ಎಂಬ ಮಾತು ಬರಕೂಡದು ಎಂದು ನಮ್ಮಪ್ಪ ಹೇಳುತ್ತಿದ್ದರು. ಅಕ್ಕಿ ತೀರಿದರೆ ಮನೆಯಲ್ಲಿ ಹೆಣ್ಣುಮಕ್ಕಳು ಇಲ್ಲ ಅನ್ನದೆ ಹೆಚ್ಚೈತೆ ಎನ್ನುವುದಿಲ್ಲವೇ, ಹಾಗೆ. ಕೇಳಿದ ಅಂಚಿನ ಸೀರೆ ಅಂಗಡಿಯಲ್ಲಿ ಇರದಿದ್ದರೆ, ಬರ್ತೈತೆ, ಕೂಡ್ರಿ ಅನ್ನುತ್ತಿದ್ದೆವು. ನೀರು ಕುಡಿದು ಮುಗಿಯುವುದರೊಳಗೆ ನಮ್ಮ ಆಳು ಹಿಂದಿನ ಓಣಿಯಿಂದ ಹೋಗಿ ಇನ್ನೊಬ್ಬರ ಅಂಗಡಿಯಿಂದ ಆ ಸೀರೆ ತಂದಿರುತ್ತಿದ್ದ. ಅಲ್ಲೂ ಸಿಗದಿದ್ದರೆ ಮುಂದಿನ ವಾರ ಬರುವ ಮಾಲಿನ ಗಂಟಿನಲ್ಲಿ ತರಿಸುತ್ತಿದ್ದೆವು.

ಈ ಪಾಠ ಒಬ್ಬಳಿಗೆ ಮಾತ್ರ ತಲೆಗೆ ಹತ್ತಲಿಲ್ಲ. ಹರಿಹರದ ಕಡೆಯ ಕಡರನಾಯಕನಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ. ಮನೆಯಲ್ಲಿ ಗದ್ದೆ, ಎರಡು ಎಮ್ಮೆ. ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು, ಸ್ಪಷ್ಟವಾಗಿ ಮಾತಾಡುತ್ತಿದ್ದಳು. ಆದರೆ ನಾನು ಗಿರಾಕಿಯಾಗಿ ಹೋಗಿ ನೀಲಿ ಅಂಚಿನ ಸೀರೆ ಕೇಳಿದರೆ, "ಇಲ್ಲ ಅಜ್ಜ, ಬ್ಯಾರೆ ಕಡೆ ನೋಡ್ರಿ," ಎಂದುಬಿಡುತ್ತಿದ್ದಳು.

ತರಗತಿ ನಗುತ್ತಿತ್ತು. ಅವಳಿಗೆ ನಗುವಂಥದ್ದು ಏನೆಂದು ತಿಳಿಯುತ್ತಿರಲಿಲ್ಲ.

"ಹಾಲು ತೀರಿದ್ರೆ ನಮ್ಮವ್ವ ಇಲ್ಲ ಅಂತಾಳ್ರಿ. ಇಲ್ಲದ್ದಕ್ಕ ಇಲ್ಲ ಅನ್ನದೆ ಏನಂತಾರ?"

"ಸಂಜೆ ಬರ್ತೈತೆ, ಬಂದು ಒಯ್ರಿ ಅಂತಾರೆ."

"ಸಂಜಿಗೆ ಎಮ್ಮಿ ಒದ್ರೆ?"

ಅವತ್ತು ಸೊಸೆಯೂ ನಕ್ಕಳು. ನಾನು ಪಟ್ಟು ಬಿಡಲಿಲ್ಲ. ಪ್ರತಿ ಶನಿವಾರ ಅವಳನ್ನೇ ಮೊದಲು ನಿಲ್ಲಿಸುತ್ತಿದ್ದೆ. ವರ್ಷ ಮುಗಿಯುವ ಹೊತ್ತಿಗೆ ಆ ಹುಡುಗಿ ಕೂಡ್ರಿ ಸಾರ್ ಅನ್ನುತ್ತಿದ್ದಳು, ನನ್ನ ದೂರನ್ನು ನನಗೇ ಒಪ್ಪವಾಗಿ ತಿರುಗಿ ಹೇಳುತ್ತಿದ್ದಳು, ನಿಮಗಾದ ತೊಂದರೆಗೆ ವಿಷಾದವಿದೆ, ಈ ವಾರದೊಳಗೆ ಮಾಡಿಸಿಕೊಡುತ್ತೇವೆ ಅನ್ನುತ್ತಿದ್ದಳು. ಪರೀಕ್ಷೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾಡಿದವಳು ಅವಳೇ ಎಂದು ಸೊಸೆ ಹೇಳಿದಾಗ ನನಗೆ ಹಿಗ್ಗಾಯಿತು.

ಮುಂದಿನ ವರ್ಷ, ಕೊನೆಯ ಸೆಮಿಸ್ಟರಿನಲ್ಲಿ, ಅವರೆಲ್ಲ ಎಲ್ಲಾದರೂ ಒಂದು ಕಡೆ ಕೆಲಸ ಕಲಿಯಬೇಕಿತ್ತು. ಅಲ್ಲಿನ ಮುಖ್ಯಸ್ಥರು ಚೆನ್ನಾಗಿ ಮಾಡಿದ್ದಾರೆ ಎಂದು ಬರೆದು ಕೊಟ್ಟರೆ ಮಾತ್ರ ಪಾಸು. ಆ ಹುಡುಗಿಗೆ ದಾವಣಗೆರೆಯಲ್ಲೇ ಕಿವಿ ಮಷಿನ್ ಮಾರುವ, ರಿಪೇರಿಗೆ ತೆಗೆದುಕೊಳ್ಳುವ ಒಂದು ಕಡೆ ಕೌಂಟರಿನ ಕೆಲಸ ಸಿಕ್ಕಿತು. ನನ್ನ ಹೆಂಡತಿಯ ಮಷಿನ್ ಕೊಂಡದ್ದೂ ಅಲ್ಲೇ. ಆ ಅಂಗಡಿ ಮಹಡಿಯ ಮೇಲಿದೆ. ಅಲ್ಲಿಗೆ ಬರುವವರೆಲ್ಲ ವಯಸ್ಸಾದವರು, ಎಲ್ಲರೂ ಗೋಡೆ ಹಿಡಿದು ಮೆಟ್ಟಿಲು ಹತ್ತಬೇಕು.

ಆ ಸಮಯಕ್ಕೇ ನಮ್ಮ ಮನೆಯಲ್ಲಿ ಮಷಿನ್ ನಿಂತುಹೋಯಿತು. ಬೀಳಲಿಲ್ಲ, ಒದ್ದೆಯಾಗಲಿಲ್ಲ. ಒಂದು ಬೆಳಿಗ್ಗೆ ಕಿವಿಗೆ ಹಾಕಿಕೊಂಡರೆ ಸದ್ದಿಲ್ಲ. ಬ್ಯಾಟರಿ ಬದಲಿಸಿದೆ, ಬ್ರಷ್ಷಿನಿಂದ ಒರೆಸಿದೆ, ಏನೂ ಆಗಲಿಲ್ಲ. ಅಂದೇ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟುಕೊಂಡು ಹೋಗಿ ಕೊಟ್ಟೆ. ಕೌಂಟರಿನಲ್ಲಿ ನಮ್ಮ ಹುಡುಗಿ. ಎದ್ದು ನಿಂತು ಎರಡೂ ಕೈಯಲ್ಲಿ ಡಬ್ಬಿ ತೆಗೆದುಕೊಂಡಳು. ಕೂಡ್ರಿ ಸಾರ್ ಎಂದಳು, ನೀರು ಕೊಟ್ಟಳು. ಕಂಪನಿಗೆ ಕಳಿಸುತ್ತೇವೆ, ಬರುವ ವಾರ ಬರುತ್ತದೆ ಎಂದಳು. ನನಗೆ ಎಷ್ಟು ನೆಮ್ಮದಿಯಾಯಿತೆಂದರೆ, ಮನೆಗೆ ಬಂದು ಹೆಂಡತಿಗೆ ಕೈಸನ್ನೆಯಲ್ಲಿ ಒಂದೇ ವಾರ ಎಂದು ತೋರಿಸಿದೆ.

ಮಷಿನ್ ಇಲ್ಲದಿದ್ದರೆ ಅವಳಿಗೆ ಕೇಳುವುದೇ ಇಲ್ಲ ಎಂದರೂ ಸರಿ. ಕಿವಿಯ ಹತ್ತಿರ ಬಾಯಿಟ್ಟು ಕೂಗಿದರೆ ಸದ್ದು ತಿಳಿಯುತ್ತದೆ, ಮಾತು ತಿಳಿಯುವುದಿಲ್ಲ. ಕುಕ್ಕರಿನ ತಲೆ ಕುಣಿಯುವುದನ್ನು ನೋಡಿ ಸೀಟಿ ಎಣಿಸತೊಡಗಿದಳು. ಮೊದಲೆರಡು ದಿನ, ಏನಂದ್ರಿ, ಏನಂದ್ರಿ ಎಂದು ಕೇಳುತ್ತಿದ್ದಳು. ಆಮೇಲೆ ಕೇಳುವುದು ಬಿಟ್ಟಳು. ಯಾರು ಏನು ಹೇಳಿದರೂ ನಕ್ಕು ಹೂಂ ಅನ್ನುವುದು ರೂಢಿಯಾಯಿತು. ಮತ್ತೆ ಮತ್ತೆ ಹೇಳಿಸಿ ಜನರಿಗೆ ಯಾಕೆ ಬೇಸರ ಮಾಡಬೇಕು ಎಂದು ಅವಳ ಲೆಕ್ಕ. ತರಕಾರಿಯವನು ಏನೋ ಕೇಳಿದ್ದಕ್ಕೆ ಹೂಂ ಎಂದಳು, ಅವನು ಒಂದು ಬುಟ್ಟಿ ಹೀರೇಕಾಯಿ ಸುರಿದು ಹೋದ. ವಾರವಿಡೀ ನಮ್ಮ ಮನೆಯಲ್ಲಿ ಹೀರೇಕಾಯಿ. ಆಗ ಎಲ್ಲರೂ ನಕ್ಕೆವು, ಅವಳೂ ನಕ್ಕಳು.

ನಗಲಾಗದ ಸಂಗತಿ ಒಂದಿತ್ತು. ಹರಿಹರದಲ್ಲಿ ಅವಳ ಅಕ್ಕ ಇದ್ದರು. ತಾಯಿ ತೀರಿಕೊಂಡಾಗ ಇವಳಿನ್ನೂ ತೊಟ್ಟಿಲಲ್ಲಿದ್ದಳಂತೆ, ಬೆಳೆಸಿದ್ದು ಅಕ್ಕನೇ. ಸಂಜೆ ದೀಪ ಹಚ್ಚಿದ ಮೇಲೆ ಇಬ್ಬರೂ ಫೋನಿನಲ್ಲಿ ಮಾತಾಡಬೇಕು, ಅದು ಎಷ್ಟೋ ವರ್ಷದ ನೇಮ. ಮಷಿನ್ ಹೋದ ಮೇಲೆ ಆ ಮಾತು ನಿಂತಿತು. ಇವಳು ಆ ಹೊತ್ತಿಗೆ ಫೋನ್ ಹತ್ತಿರ ಹೋಗಿ ಕೂತು ಎದ್ದು ಬರುತ್ತಿದ್ದಳು.

ವಾರ ಕಳೆಯಿತು, ಹೋದೆ. ಹುಡುಗಿ ಎದ್ದು ನಿಂತಳು, ಕೂರಿಸಿದಳು, ನೀರು ಕೊಟ್ಟಳು. ಇನ್ನೂ ಬಂದಿಲ್ಲ ಎನ್ನಲಿಲ್ಲ. ಈ ವಾರ ಬರುತ್ತದೆ ಸಾರ್ ಎಂದಳು. ಮುಂದಿನ ವಾರವೂ ಹಾಗೇ. ನಾನು ನನ್ನ ಹೆಂಡತಿಯ ಸ್ಥಿತಿಯನ್ನು ಹೇಳಿದೆ. ಅವಳು ಪೂರ್ತಿ ಕೇಳಿ, ನನ್ನ ಮಾತನ್ನು ನನಗೇ ತಿರುಗಿ ಹೇಳಿದಳು, ನಿಮಗಾದ ತೊಂದರೆಗೆ ವಿಷಾದವಿದೆ ಎಂದಳು. ಒಂದು ತಪ್ಪಿಲ್ಲ. ಬೇರೆ ಯಾರಾದರೂ ಆಗಿದ್ದರೆ ಮೇಜು ಗುದ್ದಿ ಕೇಳುತ್ತಿದ್ದೆನೋ ಏನೋ. ಇಲ್ಲಿ ಯಾವ ಮಾತಿಗೆ ಗುದ್ದಲಿ? ಪ್ರತಿ ಸಲವೂ ಕೈಮುಗಿದು ಮೆಟ್ಟಿಲಿಳಿದು ಬರುತ್ತಿದ್ದೆ.

ಈ ನಡುವೆ ಮಗ ಔಷಧದ ಅಂಗಡಿಯಿಂದ ಜೇಬಿನಲ್ಲಿ ಇಟ್ಟುಕೊಳ್ಳುವಂಥ ಒಂದು ಮಷಿನ್ ತಂದ. ಹಾಕಿದರೆ ಗಿರಣಿಯೊಳಗೆ ಕೂತಂತಾಗುತ್ತದೆ ಎಂದು ಹೆಂಡತಿ ಕಿತ್ತಿಟ್ಟಳು. ಹೊಸದನ್ನೇ ತರೋಣ ಎಂದ ಮಗ. ಹೊಸದಕ್ಕೆ ಮತ್ತೆ ಪರೀಕ್ಷೆ, ಕಿವಿಯ ಅಚ್ಚು ತೆಗೆಯುವುದು, ಅದು ತಯಾರಾಗಿ ಬರುವುದು, ಎಲ್ಲಕ್ಕೂ ದಿನ ಹಿಡಿಯುತ್ತದೆ. ಹಳೆಯದು ಈ ವಾರ ಬರ್ತೈತೆ ಅಂದಾರಲ್ಲ, ಅದಕ್ಕಿಂತ ಬೇಗ ಹೊಸದು ಬರ್ತದಾ ಎಂದು ನಾನೇ ಬೇಡ ಎಂದೆ.

ಆಗ ಹರಿಹರದಿಂದ ಅಕ್ಕನ ಮಗ ಫೋನ್ ಮಾಡಿದ. ಅಕ್ಕ ಹಾಸಿಗೆ ಹಿಡಿದಿದ್ದಾರೆ, ಊಟ ಕಡಿಮೆಯಾಗಿದೆ. ಡಾಕ್ಟರು ಮನೆಯಲ್ಲೇ ಇಟ್ಟುಕೊಂಡು ನೋಡಿಕೊಳ್ಳಿ ಎಂದಿದ್ದಾರೆ. "ತಂಗಿ ಕೂಡ ಮಾತಾಡಬೇಕು ಅಂತ ಒಂದೇ ಸಮ ಅಂತಾಳ ಚಿಗಪ್ಪ. ಚಿಗವ್ವಗ ಕಿವಿ ಬಂತೇನು?"

ಹೆಂಡತಿಗೆ ಕಾಗದದ ಮೇಲೆ ಬರೆದು ತೋರಿಸಿದೆ. ಓದಿ, "ಮಷಿನ್ ಬಂದ ದಿನಾನೇ ಹೋಗೋಣ. ಬರೇ ಹೋಗಿ ಮುಖ ನೋಡ್ಕೊಂಡು ಬಂದ್ರೆ ಅಕ್ಕ ನೊಂದ್ಕೋತಾಳೆ," ಎಂದಳು. ನನಗೂ ಅದು ಸರಿಯೆನ್ನಿಸಿತು.

ಮರುದಿನ ಮತ್ತೆ ಹೋದೆ. ಕೌಂಟರಿನ ಮುಂದೆ ಕೂರಲಿಲ್ಲ, ನೀರು ಮುಟ್ಟಲಿಲ್ಲ. ವಿಷಯ ಹೇಳಿ, ಯಾವ ದಿನ ಬರುತ್ತದೆ, ದಿನ ಹೇಳಮ್ಮ ಎಂದೆ. ಹುಡುಗಿ ಒಳಕೋಣೆಯ ಗಾಜಿನ ಬಾಗಿಲ ಕಡೆ ಒಮ್ಮೆ ನೋಡಿದಳು. ಅಲ್ಲಿ ಮುಖ್ಯಸ್ಥರು ಫೋನಿನಲ್ಲಿ ಮಾತಾಡುತ್ತಿದ್ದರು. "ಈ ವಾರದೊಳಗ ಮಾಡಿಸಿಕೊಡ್ತೀವಿ ಸಾರ್," ಎಂದಳು. ನಾನು ಹೊರಟೆ. ಅರ್ಧ ಮೆಟ್ಟಿಲು ಇಳಿದಿದ್ದೆ, ಹಿಂದಿನಿಂದ ಚಪ್ಪಲಿಯ ಸದ್ದಾಯಿತು.

"ಅಜ್ಜ, ನಿಂದ್ರಿ."

ನಿಂತೆ.

"ಅದು ಬರಲ್ಲ ಅಜ್ಜ. ಆ ಮಾಡಲ್ ಕಂಪನಿಯವ್ರು ನಿಲ್ಸಿಬಿಟ್ಟಾರೆ. ಅದರ ಸಾಮಾನು ಎಲ್ಲೂ ಸಿಗಲ್ಲಂತ. ಹೊಸದಕ್ಕ ಇವತ್ತೇ ಅಚ್ಚು ಕೊಡಿಸ್ರಿ."

"ನಿನಗ್ಯಾವಾಗ ಗೊತ್ತಾತು?"

"ನೀವು ಎರಡನೇ ಸಲ ಬಂದ್ರಲ್ಲ, ಅವತ್ತ."

"ಮತ್ತೆ ಯಾಕ ಹೇಳಲಿಲ್ಲ?"

ಅವಳು ಕೆಳಗಿನ ರಸ್ತೆಯ ಕಡೆ ನೋಡಿದಳು. ಇಲ್ಲ ಅನ್ನಬಾರದು ಅಂತ ಒಳಗೂ ಹೇಳ್ಯಾರೆ, ಹಳೇದು ರಿಪೇರಿ ಆಗಲ್ಲ ಅಂದ್ರೆ ಗಿರಾಕಿ ಸಿಟ್ಟಾಗಿ ಹೊಸದನ್ನ ಬ್ಯಾರೆ ಕಡೆ ತಗೋತಾರಂತ, ಸ್ವಲ್ಪ ದಿನ ಸಮಾಧಾನ ಮಾಡಿ ಆಮೇಲೆ ತಿಳಿಸಬೇಕಂತ ಎಂದಳು. ಅವರು ಬರೆದುಕೊಡದಿದ್ದರೆ ಅವಳ ಸೆಮಿಸ್ಟರು ಉಳಿಯುತ್ತದೆ, ಅದು ನನಗೂ ಗೊತ್ತು. ಆಮೇಲೆ ತಗ್ಗಿದ ದನಿಯಲ್ಲಿ, "ನೀವೂ ಹಂಗ ಕಲಿಸಿದ್ರಿ ಅಜ್ಜ. ನಾನು ಸರಿ ಅನ್ಕೊಂಡೆ," ಎಂದಳು.

ಅದರಲ್ಲಿ ಚುಚ್ಚುಮಾತೇನೂ ಇರಲಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳಿದ್ದಳು. ನಮ್ಮ ಅಂಗಡಿಗೆ ಹಿಂದಿನ ಓಣಿ ಇತ್ತು, ಓಡಿಹೋಗಿ ತರಲು ಆಳಿದ್ದ ಎಂದು ಅವಳಿಗೆ ವಿವರಿಸಬಹುದಿತ್ತು. ಮೆಟ್ಟಿಲ ಮೇಲೆ ನಿಂತು ಯಾವ ಪಾಠ ಹೇಳುವುದು? ಮೇಲೆ ಹೋಗಮ್ಮ, ನಿನ್ನನ್ನು ಹುಡುಕುತ್ತಾರೆ ಎಂದೆ. ಹೋದಳು.

ಅಂದೇ ಹೆಂಡತಿಯನ್ನು ಆಟೋದಲ್ಲಿ ಬೇರೊಂದು ಕಡೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿ ಅಚ್ಚು ಕೊಡಿಸಿದೆವು. ಅಲ್ಲಿನವರು ಗಡಸು ಮನುಷ್ಯರು. ಕೂಡ್ರಿ ಎನ್ನಲಿಲ್ಲ. ಹತ್ತು ದಿನ ಆಗ್ತೈತೆ, ಅದಕ್ಕೂ ಮುಂಚೆ ಬರಬ್ಯಾಡ್ರಿ ಎಂದರು. ಆ ಮಾತಿಗೆ ನಾನು ಋಣಿಯಾದೆ, ಆದರೆ ಅಷ್ಟು ದಿನ ನಮ್ಮ ಕೈಯಲ್ಲಿರಲಿಲ್ಲ. ಅದೇ ವಾರ ಅಕ್ಕನ ಮಗ ಮತ್ತೆ ಫೋನ್ ಮಾಡಿದ. ಈಗಲೇ ಹೊರಡಿ ಎಂದ.

ಹರಿಹರದ ಬಸ್ಸಿನಲ್ಲಿ ಹೋದೆವು. ಅಕ್ಕ ನಡುಮನೆಯಲ್ಲಿ ಮಲಗಿದ್ದರು. ಮೈ ಸೋತಿತ್ತು, ಬುದ್ಧಿ ಚುರುಕಾಗಿಯೇ ಇತ್ತು. ತಂಗಿಯನ್ನು ಕಂಡದ್ದೇ ಕೈ ಮುಂದೆ ಮಾಡಿದರು. ಇವಳು ಮಂಚದ ಅಂಚಿಗೆ ಕೂತಳು. ಅಕ್ಕ ಎರಡೂ ಕೈಯಿಂದ ಅವಳ ತಲೆಯನ್ನು ಹತ್ತಿರಕ್ಕೆಳೆದುಕೊಂಡು ಕಿವಿಯಲ್ಲಿ ಮಾತಾಡತೊಡಗಿದರು. ಉಸಿರಿನಷ್ಟೇ ದನಿ. ಅಕ್ಕನ ಮಗ ಚಹಾ ತರಲು ಒಳಗೆ ಹೋಗಿದ್ದ. ನಾನು ಮಂಚದ ಕಾಲ ಬಳಿ ಕುರ್ಚಿಯಲ್ಲಿದ್ದೆ, ನನಗೆ ಒಂದಕ್ಷರ ಕೇಳಿಸಲಿಲ್ಲ.

ನನ್ನ ಹೆಂಡತಿ ಹೂಂ ಅಂದಳು. ಅಕ್ಕ ಮತ್ತೇನೋ ಹೇಳಿದರು. ಹೂಂ ಅಕ್ಕ ಅಂದಳು. ಅಕ್ಕ ತಲೆ ಹಿಂದೆ ಸರಿಸಿ ಅವಳ ಮುಖ ನೋಡಿ ಏನೋ ಕೇಳಿದರು. ಅದು ಪ್ರಶ್ನೆಯೇ, ಹುಬ್ಬು ನೋಡಿ ಹೇಳಬಹುದಿತ್ತು. ಇವಳು ತುಂಬಿದ ಕಣ್ಣಲ್ಲೇ ನಕ್ಕು, ತಲೆಯಾಡಿಸಿ, ಹೂಂ ಅಕ್ಕ, ಹೂಂ ಅಂದಳು. ಅಕ್ಕ ಕೈ ಬಿಟ್ಟು ದಿಂಬಿಗೆ ಒರಗಿದರು. ಮುಖದ ಬಿಗಿ ಸಡಿಲಿತು.

ನನಗೆ ತಡೆಯಲಾಗಲಿಲ್ಲ. ಎದ್ದು ಹತ್ತಿರ ಹೋಗಿ, "ಅಕ್ಕಾರೆ, ಅವಳಿಗೆ ಕೇಳಿಸಿಲ್ಲ. ಮಷಿನ್ ಇಲ್ಲ. ನನಗೆ ಹೇಳ್ರಿ, ನಾನು ಬರೆದು ತೋರಿಸ್ತೀನಿ," ಎಂದೆ.

ಅಕ್ಕ ಹಳೆಯ ಕಾಲದವರು. ನನ್ನೆದುರು ಒಂದು ದಿನವೂ ತಲೆಯ ಮೇಲಿನ ಸೆರಗು ಜಾರಿಸಿದವರಲ್ಲ. ಇಷ್ಟು ವರ್ಷದಲ್ಲಿ ನನ್ನೊಡನೆ ನೇರವಾಗಿ ಆಡಿದ್ದು ಊಟಕ್ಕೆ ಏಳ್ರಿ ಎಂಬಂಥ ಮಾತು ಮಾತ್ರ. ಈಗಲೂ ಆ ಸೋತ ಕೈಯಿಂದ ಸೆರಗನ್ನು ಹಣೆಯವರೆಗೆ ಎಳೆದುಕೊಂಡರು.

"ಅಕ್ಕ ತಂಗಿ ಮಾತು ಬಿಡ್ರಿ," ಎಂದರು. "ಕೇಳ್ಸೈತೆ ಅಕಿಗೆ. ಹೂಂ ಅಂದ್ಲಲ್ಲ."

ನಾನು ಕುರ್ಚಿಗೆ ಮರಳಿದೆ. ಇಲ್ಲ, ಕೇಳಿಸಿಲ್ಲ ಎಂದು ಹಟ ಹಿಡಿದರೆ ಆ ಮುಖದ ನೆಮ್ಮದಿ ಹೋಗುತ್ತದೆ. ಚಹಾ ಬಂತು, ಕುಡಿದೆವು. ಅಕ್ಕ ಕಣ್ಣು ಮುಚ್ಚಿದ್ದರು, ಇವಳು ಅವರ ಪಾದ ಒತ್ತುತ್ತಾ ಕೂತಿದ್ದಳು. ಸಂಜೆ ಹೊರಟೆವು. ಬಸ್ಸಿನಲ್ಲಿ ಅವಳು ನನ್ನ ತೋಳು ಅಲ್ಲಾಡಿಸಿ, ಅಕ್ಕ ಏನಂದ್ಲು, ನೀವು ಕೇಳಿಸ್ಕೊಂಡ್ರಾ ಎಂದಳು. ತನಗೆ ತಿಳಿಯದಂತೆಯೇ ಜೋರಾಗಿ ಕೇಳಿದ್ದಳು, ಮುಂದಿನ ಸೀಟಿನವರು ತಿರುಗಿ ನೋಡಿದರು. ನಾನು ಇಲ್ಲವೆಂದು ಕೈಯಾಡಿಸಿದೆ. ಅವಳು ಕಿಟಕಿಯ ಕಡೆ ತಿರುಗಿದಳು.

ಅದಾಗಿ ಎರಡು ದಿನಕ್ಕೆ ಅಕ್ಕ ಹೋದರು. ಮಣ್ಣಿಗೆ ಹೋದಾಗ ಬಂದವರೆಲ್ಲ ಇವಳ ಹತ್ತಿರ ಕೂತು ಏನೇನೋ ಹೇಳಿ ಸಮಾಧಾನ ಮಾಡಿದರು. ಅವರಿಗೂ ಹೂಂ ಅಂದಳು.

ಹೊಸ ಮಷಿನ್ ಹೇಳಿದ ದಿನಕ್ಕೇ ಬಂತು. ಚೆನ್ನಾಗಿದೆ, ಅಂಗಳದಲ್ಲಿ ಚಪ್ಪಲಿ ಬಿಟ್ಟ ಸದ್ದೂ ಕೇಳುತ್ತದಂತೆ. ಆ ಹುಡುಗಿ ಪಾಸಾಗಿ ಈಗ ಒಂದು ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ, ಹಬ್ಬಕ್ಕೆ ಸೊಸೆಗೆ ಫೋನ್ ಮಾಡುತ್ತಾಳೆ. ಈ ವರ್ಷವೂ ಶನಿವಾರದ ತರಗತಿಗೆ ಬನ್ನಿ ಎಂದು ಸೊಸೆ ಎರಡು ಸಲ ಕರೆದಳು. ನೋಡೋಣ ಎಂದಿದ್ದೇನೆ.

ಅಕ್ಕನ ಮಗನಿಗೆ ನನ್ನ ಹೆಂಡತಿ ಈಗಲೂ ಆಗಾಗ ಫೋನ್ ಮಾಡುತ್ತಾಳೆ. ಅವ್ವ ಏನಾರ ಆಸೆ ಹೇಳಿದ್ಲಾ, ಯಾರಿಗಾರ ಏನಾರ ಕೊಡಬೇಕಿತ್ತಾ, ಎಲ್ಲಿಗಾರ ಹರಕೆ ಇತ್ತಾ ಎಂದು ಕೇಳುತ್ತಾಳೆ. ನಮಗೇನೂ ಹೇಳಿಲ್ಲ ಚಿಗವ್ವ ಎನ್ನುತ್ತಾನೆ ಅವನು. ಫೋನ್ ಇಟ್ಟು ನನ್ನ ಎದುರಿಗೆ ಬಂದು ಕೂರುತ್ತಾಳೆ.

"ಮೂರು ಸಲ ಹೂಂ ಅಂದೀನಿ ರೀ. ಯಾವುದಕ್ಕೆ ಅಂದೆನೋ."

ಒಪ್ಪಿಕೊಂಡದ್ದನ್ನು ನಡೆಸಿಕೊಡಬೇಕೆನ್ನುವವಳು ಅವಳು. ನಾನು ಪೇಪರ್ ಮಡಿಸಿಡುತ್ತೇನೆ. ಅವಳ ಕಿವಿಗೆ ಈಗ ಎಲ್ಲವೂ ಕೇಳುತ್ತದೆ, ಹೇಳುವುದಕ್ಕೆ ನನ್ನಲ್ಲಿ ಏನೂ ಇಲ್ಲ.